ಅಂಗೈಯಲ್ಲಿ ಎದ್ದು ನಿಂತ ಕಾಯಿ

ಮಕ್ಕಳೇ, ತೆಂಗಿನಕಾಯಿ ಹಿಡಿದು ನೀರು ಹುಡುಕುವುದನ್ನು ನಾನು ನಂಬಿದವಳಲ್ಲ. ಈಗಲೂ ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ಅಜ್ಜಿಗೆ ವಯಸ್ಸಾಯಿತು ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಓದಿದ ಮೇಲೆ ನಗಿ.

ನಿಮ್ಮ ಅಜ್ಜ ವಿದ್ಯುತ್ ಇಲಾಖೆಯಲ್ಲಿ ಮೀಟರುಗಳನ್ನು ಪರೀಕ್ಷಿಸುತ್ತಿದ್ದವರು. ಸುಳ್ಳು ತೋರಿಸುವ ಮೀಟರನ್ನು ಪತ್ತೆ ಮಾಡಿ ಮಾಡಿ, ಮನುಷ್ಯರ ಮಾತನ್ನೂ ಹಾಗೆಯೇ ಪರೀಕ್ಷಿಸುವ ಅಭ್ಯಾಸ ಅವರಿಗಾಯಿತು. ಉಡುಪಿ, ಮಣಿಪಾಲ, ಕಾರ್ಕಳದ ಕೆಲವರನ್ನು ಸೇರಿಸಿ ಒಂದು ಸಂಘ ಮಾಡಿದ್ದರು. ಬೂದಿ ಉದುರುವ ದೇವರ ಪಟ, ಸಕ್ಕರೆ ಕಾಯಿಲೆ ವಾಸಿ ಮಾಡುವ ಉಂಗುರ, ಹೀಗೆ ಯಾರು ಏನು ಹೇಳಿದರೂ ಹೋಗಿ ನೋಡುವುದು. ಯಾರನ್ನೂ ಗೇಲಿ ಮಾಡಬಾರದು, ಅವರೇ ಒಪ್ಪಿದ ರೀತಿಯಲ್ಲಿ ಪರೀಕ್ಷಿಸಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂಬುದು ಅವರ ಹಠ. ತಿಂಗಳಿಗೊಂದು ಭಾನುವಾರ ಆದಿ ಉಡುಪಿಯ ನಮ್ಮ ಮನೆಯಲ್ಲೇ ಸಭೆ. ನಾನು ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಚಹಾ ಕೊಟ್ಟು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಾ ನನಗೆ ಬಂದ ಸಂಶಯ ಹೇಳಿದರೆ, "ಇದನ್ನು ಅಲ್ಲೇ ಹೇಳ್ಬೇಕಿತ್ತು ಮಾರಾಯ್ತಿ" ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಸಂಘವೂ ಮುಗಿಯಿತು ಎಂದುಕೊಂಡಿದ್ದೆ. ಕಾರ್ಕಳದ ಸುಧಾಕರ ಮಾಸ್ತರರು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, "ಕುರ್ಚಿ ಎಲ್ಲ ನಿಮ್ಮಲ್ಲೇ ಉಂಟಲ್ಲ ಅಕ್ಕ, ನೀವೇ ನಡೆಸಿ" ಎಂದರು. ನಾಲ್ಕು ಜನರ ಎದುರು ಮಾತಾಡಲು ಬಾರದ ನಾನು ಒಪ್ಪಿಕೊಂಡೆ. ಮನೆಯಲ್ಲಿ ಮನುಷ್ಯರ ಸ್ವರ ಕೇಳುತ್ತಿದ್ದುದು ತಿಂಗಳಿಗೆ ಆ ಒಂದು ಭಾನುವಾರ ಮಾತ್ರ. ಅದೂ ನಿಂತುಹೋದರೆ ಎಂಬ ಹೆದರಿಕೆ ನನಗೆ.

ನಮ್ಮ ಬಾಗಿಲಿಗೆ ಮೀನು ತರುತ್ತಿದ್ದ ಕಾಪುವಿನ ವಸಂತಿಯ ಬಾವಿ ನೀರು ಉಪ್ಪಾಗಿತ್ತು. ಹೊಸ ಬಾವಿಗೆ ಜಾಗ ತೋರಿಸಲು ನೀರು ನೋಡುವ ಮೋನಪ್ಪಣ್ಣ ಬರುತ್ತಾರೆ ಎಂದು ಅವಳು ಒಂದು ದಿನ ಹೇಳಿದಳು. ಸಿಪ್ಪೆ ಸುಲಿದ ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ನಡೆಯುವುದು, ಕೆಳಗೆ ನೀರಿರುವಲ್ಲಿ ಅದು ಜುಟ್ಟು ಮೇಲಾಗಿ ಎದ್ದು ನಿಲ್ಲುವುದು. ನಾವೂ ಬಂದು ನೋಡಬಹುದೇ ಎಂದು ಅವಳ ಮೂಲಕ ಅವರನ್ನು ಕೇಳಿಸಿದೆ. "ಬರ್ಲಿ, ನಾನೆಂತ ಕದ್ದು ಮಾಡುದಲ್ಲ" ಎಂದರಂತೆ.

ನಿಮ್ಮ ಅಜ್ಜ ಇದರ ಕಾರಣವನ್ನು ನನಗೆ ಎಷ್ಟೋ ಸಲ ವಿವರಿಸಿದ್ದರು. ಇಲ್ಲಿ ನೀರಿದೆ ಎಂದು ಮನಸ್ಸಿಗೆ ಅನಿಸಿದಲ್ಲಿ ಬೆರಳು ತಿಳಿಯದೆ ಅಲುಗುತ್ತದೆ, ಕಾಯಿ ಮಗುಚಲು ಅಷ್ಟು ಸಾಕು. ಮೇಲಾಗಿ ನಮ್ಮ ಕಡೆ ಎಲ್ಲಿ ತೋಡಿದರೂ ಸ್ವಲ್ಪವಾದರೂ ನೀರು ಸಿಗುತ್ತದೆ. ಕಣ್ಣು ಕಟ್ಟಿ ನಡೆಸಿದರೆ ಒಂದು ಸಲ ಎದ್ದ ಜಾಗದಲ್ಲಿ ಇನ್ನೊಂದು ಸಲ ಏಳುವುದಿಲ್ಲ ಎನ್ನುತ್ತಿದ್ದರು.

ಮೋನಪ್ಪಣ್ಣ ಬಂದ ಬೆಳಿಗ್ಗೆ ವಸಂತಿಯ ಹಿತ್ತಲಲ್ಲಿ ಹಾಗೆಯೇ ಆಯಿತು. ಕಣ್ಣು ಕಟ್ಟಿದ ಮೋನಪ್ಪಣ್ಣನ ಕೈಯಲ್ಲಿ ಕಾಯಿ ಪ್ರತಿಸಲ ಬೇರೆ ಬೇರೆ ಕಡೆ ಎದ್ದಿತು. ಮಾಸ್ತರರು ಗುರುತಿಗೆ ಊರಿದ ಕಡ್ಡಿಗಳು ಹಿತ್ತಲಿಡೀ ಚದುರಿದ್ದವು. ಕಣ್ಣಿನ ಬಟ್ಟೆ ಬಿಚ್ಚಿ ಅದನ್ನು ನೋಡಿದ ಮೋನಪ್ಪಣ್ಣ ಮುಖ ಒರೆಸಿಕೊಂಡು, "ಇವತ್ತು ಆಗ್ಲಿಲ್ಲ" ಎಂದು ನೆರಳಿನಲ್ಲಿ ಹೋಗಿ ಕೂತರು.

ಆಮೇಲೆ ನಾವೂ ಒಬ್ಬೊಬ್ಬರಾಗಿ ಕಣ್ಣು ಕಟ್ಟಿಕೊಂಡು ನಡೆಯುವುದು ಅಜ್ಜನ ಕಾಲದಿಂದ ಬಂದ ಕ್ರಮ. ಯಾರ ಕೈಯಲ್ಲೂ ಕಾಯಿ ಅಲುಗಲಿಲ್ಲ. ಕೊನೆಗೆ ಉಳಿದವಳು ನಾನು. "ಅಕ್ಕನ ಕೈಯಲ್ಲಿ ಕಾಯಿ ಎದ್ರೆ ತುರಿಯಲಿಕ್ಕೇ ಸೈ" ಎಂದು ವಸಂತಿ ನಗಿಸಿದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರಲ್ಲ, ಒಮ್ಮೆ ಮುಗಿದರೆ ಸಾಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ನೀರಿನ ಯೋಚನೆ ಇರಲಿಲ್ಲ. ಸ್ವಲ್ಪ ನಡೆದಿರಬೇಕು, ಕಾಯಿಯ ಭಾರವೆಲ್ಲ ಅಂಗೈಯ ನಡುವಿಗೆ ಸರಿಯಿತು. ಜುಟ್ಟು ಮಣಿಕಟ್ಟನ್ನು ಸವರಿ ಮೇಲೆ ಹೋಯಿತು. ಬೆರಳುಗಳನ್ನು ಆದಷ್ಟು ಅಗಲಿಸಿ ನಿಂತೆ. ಕಾಯಿ ಬೀಳಲಿಲ್ಲ. ಬಿಸಿ, ಮಿಂಚು, ಮೈ ನಡುಕ ಏನೂ ಇಲ್ಲ. ಸುತ್ತ ನಗು ನಿಂತದ್ದು ಮಾತ್ರ ಕೇಳಿಸಿತು.

ಮಾಸ್ತರರು ಕಡ್ಡಿ ಊರಿ, ನನ್ನನ್ನು ಸುತ್ತಿಸಿ, ಸಮುದ್ರದ ಕಡೆಯಿಂದ ಕರೆತಂದರು. ಅಲ್ಲೇ ಎದ್ದಿತು. ಕಾಲಿಗೆ ನೆಲ ಗೊತ್ತಾಗುತ್ತಿರಬೇಕು ಎಂದು ಚಪ್ಪಲಿ ಹಾಕಿಸಿ, ಕಡ್ಡಿ ಕಿತ್ತು, ಜಾಗವನ್ನು ತಾವು ಮಾತ್ರ ಗುರುತಿಟ್ಟುಕೊಂಡು, ಪಕ್ಕದ ಮನೆಯ ಅಂಗಳದಿಂದ ತಿರುಗಿಸಿ ತಂದರು. ಮತ್ತೆ ಅಲ್ಲೇ.

ಮೋನಪ್ಪಣ್ಣ ಹತ್ತಿರ ಬಂದರು. ಗೆದ್ದವರ ಮುಖ ಅಲ್ಲ ಅದು. "ಇಷ್ಟು ವರ್ಷ ನಾನೊಬ್ಬನೇ ಇದ್ದೆ ಅಕ್ಕ" ಎಂದರು ಮೆಲ್ಲಗೆ, "ಎಂತ ಆಗುದು ಅಂತ ನನ್ಗೂ ಗೊತ್ತಿಲ್ಲ." ನಾನು ಅವರಿಂದ ದೂರ ಸರಿದು ನಿಂತೆ. ವಸಂತಿ ಮಾತ್ರ ಬಂದು ನನ್ನ ಕೈ ಹಿಡಿದವಳು ಬಿಡಲಿಲ್ಲ. "ಅಲ್ಲೇ ತೋಡಿಸ್ಲಾ ಅಕ್ಕ? ನೀವು ಹೇಳಿ." ಅವಳಿಗೆ ಅದು ಆಟವಲ್ಲ, ಕುಡಿಯುವ ನೀರು. ನಾನು ಹೇಳಿದೆ, "ನನ್ನ ಕೈಯನ್ನು ನಂಬಬೇಡ. ನೆಲದ ವಿಷಯ ಓದಿದವರನ್ನು ಮಣಿಪಾಲದಿಂದ ಕರೆಸು." ಅವಳು ಕರೆಸಿದಳು. ಅವರು ರಸ್ತೆ ಬದಿಗೆ ತೋರಿಸಿದರು. ಅಲ್ಲಿ ಸಿಹಿ ನೀರೇ ಬಂತು. ನನ್ನ ಕಾಯಿ ಎದ್ದಲ್ಲಿ ಈಗ ಅವಳ ಮಗನ ಟೆಂಪೋ ನಿಲ್ಲುತ್ತದೆ, ನೆಲಕ್ಕೆ ಕಾಂಕ್ರೀಟ್ ಆಗಿದೆ. ಅಲ್ಲಿ ತೋಡಿ ನೀರು ಬಂದಿದ್ದರೂ ಅದರಿಂದ ಏನೂ ಸಾಬೀತಾಗುತ್ತಿರಲಿಲ್ಲ, ನನಗೆ ಗೊತ್ತು. ನನ್ನ ಪ್ರಶ್ನೆ ನೀರಿನದ್ದಲ್ಲ. ಕಣ್ಣು ಕಟ್ಟಿದವಳ ಕೈಯಲ್ಲಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಯಾಕೆ?

ಮುಂದಿನ ಸಭೆಯಲ್ಲಿ ಮಾಸ್ತರರು, "ಅಕ್ಕನದ್ದು ವರದಿಯಲ್ಲಿ ಬೇಡ, ಸುಮ್ಮನೆ ಊರಿಡೀ ಸುದ್ದಿ ಆಗ್ತದೆ" ಎಂದರು. ಆ ದಿನ ನಾನು ಬಾಗಿಲ ಹಿಂದೆ ನಿಲ್ಲಲಿಲ್ಲ. "ಮೋನಪ್ಪಣ್ಣನಿಗೆ ಆಗಲಿಲ್ಲ ಅಂತ ಬರೆಯುವುದಾದರೆ ನನಗೆ ಆದದ್ದನ್ನೂ ಬರೆಯಬೇಕು" ಎಂದೆ.

"ಎಂತ ಅಂತ ಬರೆಯುದು ಅಕ್ಕ?"

"ಗೊತ್ತಿಲ್ಲ ಅಂತ ಬರೆಯಿರಿ."

ಬರೆದರು. ನಂತರ ಹಲವು ಭಾನುವಾರ ನಮ್ಮ ಅಂಗಳದಲ್ಲೇ ನನ್ನನ್ನು ನಡೆಸಿ ನೋಡಿದರು. ಕಾಯಿ ಒಮ್ಮೆಯೂ ಏಳಲಿಲ್ಲ. ಕಾಪುವಿನದ್ದು ಆಕಸ್ಮಿಕ ಎಂದರು ಮಾಸ್ತರರು. ಇರಬಹುದು. ಆದರೆ ಅಂದಿನಿಂದ ಸಭೆಯಲ್ಲಿ ಏನೋ ಬದಲಾಯಿತು. "ಅಕ್ಕ, ನನ್ನ ಕನ್ನಡಕ ಕಾಣುದಿಲ್ಲ, ಕಾಯಿ ಹಿಡಿದು ನೋಡಿ" ಎಂದು ಒಬ್ಬರು ತಮಾಷೆ ಮಾಡುವರು. ಕೆಟ್ಟ ಮನಸ್ಸಿನಿಂದ ಅಲ್ಲ, ನಾನೂ ನಗುತ್ತಿದ್ದೆ. ಆದರೆ ಯಾರದಾದರೂ ಮಾತಿನ ಬಗ್ಗೆ ನಾನು ಸಂಶಯ ಎತ್ತಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಅನುಕೂಲ ಎಂದು ಮೆಲ್ಲಗೆ ಸಭೆ ಮಣಿಪಾಲಕ್ಕೆ ಹೋಯಿತು. ನನ್ನನ್ನು ತಪ್ಪದೆ ಕರೆಯುತ್ತಾರೆ. ಮೊದಮೊದಲು ಹೋಗುತ್ತಿದ್ದೆ. ಕುರ್ಚಿಗಳು ಇಲ್ಲೇ ಜಗಲಿಯಲ್ಲಿ ಒಂದರ ಮೇಲೊಂದು ಇವೆ, ನೀವು ರಜೆಗೆ ಬಂದಾಗ ಹತ್ತಿ ಆಡುತ್ತೀರಲ್ಲ, ಅವೇ.

ಕಾಪುವಿನಲ್ಲಿ ಆದದ್ದಕ್ಕೆ ಕಾರಣ ಹುಡುಕಬಲ್ಲವರು ಯಾರಾದರೂ ಇದ್ದಿದ್ದರೆ ಅದು ನಿಮ್ಮ ಅಜ್ಜ. ಲೋಟ ತೊಳೆಯುತ್ತಾ ಹೇಳಬೇಕಾಗಿದ್ದ ಸಂಶಯ ಇದೊಂದು ನನ್ನಲ್ಲೇ ಉಳಿದುಬಿಟ್ಟಿದೆ.

ಬೆಳಿಗ್ಗೆ ಅರೆಯಲಿಕ್ಕೆ ಕಾಯಿ ತೆಗೆದಾಗ, ಒಡೆಯುವ ಮೊದಲು ಅಂಗೈ ಮೇಲೆ ಮಲಗಿಸಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಏಳಲಿ ಎಂದು ನಿಲ್ಲುತ್ತೇನೋ, ಏಳದಿರಲಿ ಎಂದೋ, ನನಗೇ ತಿಳಿಯದು. ಏಳುವುದಿಲ್ಲ. ಒಡೆದು ಅರ್ಧ ತುರಿಯುತ್ತೇನೆ. ಒಬ್ಬಳಿಗೆ ಅಷ್ಟು ಸಾಕು.