ತಗ್ಗಿದ ದನಿ

ಮೊನ್ನೆ ಹೊಸ ಟಿವಿಗೆ ಸ್ಪೀಕರ್ ಜೋಡಿಸಲು ಬಂದವನು ದನಿಯನ್ನು ಬೆಳಕಾಗಿಸಿ ಒಯ್ಯುವ ಒಂದು ಸಪೂರ ವೈರನ್ನು ಸಿಕ್ಕಿಸಿದ. ಅದರ ಇನ್ನೊಂದು ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಬೆಳಕು. ಅಂಥ ಬೆಳಕನ್ನು ಮೊದಲು ಕಂಡಿದ್ದು ಕಾರವಾರದ ಕೋಡಿಬಾಗದಲ್ಲಿ, ಸ್ಟುಡಿಯೋ ಮಾಮನ ಕೋಣೆಯಲ್ಲಿ...

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾವು ಅಂಕೋಲೆಯ ಮೀನುಗಾರರು. ನನ್ನ ಅಕ್ಕ ಜ್ವರದಲ್ಲಿ ತೀರಿಕೊಂಡ ಮರುವರ್ಷ ಅದು. ಮದುವೆಮನೆಗಳಲ್ಲಿ ಹಾಡಿಗೆ ಅವಳೇ ಬೇಕಿತ್ತು, ಆದರೆ ಅವಳ ದನಿಯನ್ನು ಯಾರೂ ಟೇಪಿಗೆ ತುಂಬಿಸಿಟ್ಟಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮ ಆಯಿಗೆ ಉಳಿದ ಈ ಹೆಗ್ಗಣ ಅಷ್ಟೇನೂ ಮುದ್ದಿರಲಿಲ್ಲ. ಆದರೂ ರೇಡಿಯೋಗೆ ಕಳಿಸಲು ನನ್ನದೊಂದು ಹಾಡು ರೆಕಾರ್ಡ್ ಮಾಡಿಸೋಣವೆಂದು ಅವಳೇ ಕರೆದುಕೊಂಡು ಹೋದಳು.

ಸ್ಟುಡಿಯೋ ಇಟ್ಟುಕೊಂಡಿದ್ದ ಮಾಮ ನಮ್ಮ ಸಂಬಂಧಿಕರಲ್ಲ, ಕಾರವಾರದ ಪೇಟೆಯಲ್ಲಿ ಆಯಿಯ ಹತ್ತಿರ ಮೀನು ಕೊಳ್ಳುತ್ತಿದ್ದವರು. ನನ್ನ ಹಾಡನ್ನು ಡಿಜಿಟಲ್ ಟೇಪಿಗೆ ತುಂಬಿಸಿ, ಆ ಕೆಂಪು ಬೆಳಕಿನ ವೈರಿನಿಂದ ಕಂಪ್ಯೂಟರಿಗೆ ಹಾಯಿಸಿದರು. ಆಮೇಲೆ ಕೇಳಿಸಿದರು.

ಹಾಡು ನನ್ನದೇ, ದನಿ ನನ್ನದಲ್ಲ. ತುಸು ನಿಧಾನ, ತುಸು ತಗ್ಗು, ಸಾಲಿನ ಕೊನೆಗೆ ಉಸಿರು ಎಳೆಯುವ ಆ ರೀತಿ... ಅಕ್ಕ ಹಾಡುತ್ತಿದ್ದಳು. ಆಯಿ ಎದ್ದು ಬಾಗಿಲ ಕಡೆ ನೋಡಿದಳು.

"ದೊಡ್ಡ ಹುಡ್ಗಿ ಯಾವಾಗ ಬಂತು?"

ಮಾಮ ಗಾಬರಿಯಾದರು. "ಹಾಂಗಲ್ಲ ಬಾಯಿ. ವೇಗ ಹಿಡಿಯೂಕೆ ಟೇಪಿಗೊಂದು ಗಡಿಯಾರ, ಕಂಪ್ಯೂಟರಿಗೊಂದು. ತುಂಬಿಸ್ಕಳ್ಳುವಾಗ ಇದು ಟೇಪಿನ ಗಡಿಯಾರದ ವೇಗಕ್ಕೇ ಓಡ್ತು. ಈಗ ತನ್ನದೇ ಗಡಿಯಾರದಲ್ಲಿ ಹಾಡಿಸ್ತದೆ, ಅದು ನಿಧಾನ. ಅದ್ಕೇ ದನಿ ತಗ್ಗಿದ್ದು."

ಅವರು ಎರಡನ್ನೂ ಒಂದೇ ವೇಗಕ್ಕೆ ತಂದು ಮತ್ತೆ ತುಂಬಿಸಿದರು. ಈಗ ನನ್ನ ತೆಳ್ಳನೆಯ ದನಿ ಬಂತು. ಆಯಿ ಕುಸಿದು ಕುಳಿತಳು. "ಇದು ಬ್ಯಾಡ. ಮೊದ್ಲಿಂದೇ ಕೊಡು."

ಮಾಮ ನನ್ನ ಕಡೆ ತಿರುಗಿದರು. "ದನಿ ನಿಂದು ತಂಗಿ. ನೀ ಹೇಳು, ಕೊಡೂದಾ?"

ಆಯಿಯ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಮಾಮ ಸೀಡಿ ಮಾಡಿಕೊಟ್ಟರು.

ಅಂದಿನಿಂದ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಅದೇ ಹಾಡು. ಒಮ್ಮೆ ಒಲೆಯ ಮುಂದೆ ನಾನೂ ಅದನ್ನೇ ಗುನುಗುತ್ತಿದ್ದೆ. ಆಯಿ ಒಳಗಿನಿಂದ ಗದರಿದಳು. "ಸುಮ್ನಿರೆ. ಅಕ್ಕ ಹಾಡ್ತದೆ, ಕೇಳೂಕೆ ಬಿಡೂದಿಲ್ವಾ?"

ಹೆದರಿಕೆಯೋ ಹೊಟ್ಟೆಕಿಚ್ಚೋ, ಮತ್ತೆಂದೂ ನಾನು ಮನೆಯಲ್ಲಿ ಹಾಡಲಿಲ್ಲ.

ಪೇಟೆಯಲ್ಲಿ ಸಿಕ್ಕಾಗಲೆಲ್ಲ ಮಾಮ ಕೇಳುತ್ತಿದ್ದರು, "ಹಾಡ್ತ್ಯಾ ತಂಗಿ?"

"ಮನೆಲಿ ಒಬ್ಳು ಹಾಡ್ತಾಳಲ್ಲ ಮಾಮ," ಎಂದು ನಕ್ಕೆ ಒಂದು ಸಲ.

ಅವರು ನಗಲಿಲ್ಲ. "ಅದು ನೀನೇ. ನಂಗೆ ಗೊತ್ತದೆ."

ಸ್ಪೀಕರಿನವನು ಹೋದ ಮೇಲೆ ಕಾರವಾರಕ್ಕೆ ಫೋನು ಹಚ್ಚಿದೆ. ಮಾಮ ಈ ಮಳೆಗಾಲದಲ್ಲಿ ಹೋಗಿಬಿಟ್ಟರಂತೆ. ಸ್ವಂತ ಮಾವನೇ ಹೋದಷ್ಟು ಸಂಕಟವಾಯಿತು. ಆಯಿ ತೀರಿಕೊಂಡು ವರ್ಷಗಳೇ ಆದವು. ನನ್ನ ಮಕ್ಕಳೆಲ್ಲ ಆ ಸೀಡಿಯನ್ನು ದೊಡ್ಡಮ್ಮನ ಹಾಡು ಎಂದು ಕೇಳುತ್ತಲೇ ಬೆಳೆದವರು. ಆಯಿ ಹಾಗೇ ಹೇಳಿಕೊಟ್ಟಿದ್ದಳು. ಅದರಲ್ಲಿ ಹಾಡಿದವಳು ನಾನು ಎಂದರೆ ನಂಬುವವರು ಇನ್ನು ಯಾರೂ ಉಳಿದಿಲ್ಲ.