ಹಿತ್ತಲ ಗಿಡಕ್ಕೆ ನೀರು ಹಾಕಿದವಳು

ಅಕ್ಕವ್ವ, ತಮ್ಮಣ್ಣ,

ನೀವು ಪಡಸಾಲೆಯಲ್ಲಿ ಕುಳಿತು ಓದುತ್ತಿರುತ್ತೀರಿ, ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ನಡುವೆ ಇರುವುದು ಒಂದು ಬಾಗಿಲು. ಅದನ್ನು ದಾಟಿ ಬಂದು ನಿಮ್ಮ ಮುಂದೆ ಕುಳಿತು ಹೇಳಿದರೆ ಮುಗಿದುಹೋಗುವ ಮಾತು ಇದು. ನಾಲ್ಕು ವರ್ಷದಿಂದ ನನ್ನ ಕೈಯಲ್ಲಿ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೊರ್ತಿಯ ಸಾಲಿಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು ನಿಮ್ಮ ಈ ಅಜ್ಜಿ. ತಪ್ಪಿದ್ದರೆ ಹೊಂದಿಸಿಕೊಂಡು ಓದಿರಿ.

ಮೊನ್ನೆ ತಮ್ಮಣ್ಣ ಅಂಗಿ ಹರಿದುಕೊಂಡು ಸಾಲಿಯಿಂದ ಬಂದ. ಯಾರ ಕೂಡ ಬಡಿದಾಡಿದಿ ಎಂದರೆ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, ನಿಮ್ಮಪ್ಪ ಗಾಂಜಾ ಮಾರತಿದ್ದ ಅಂತ ಒಬ್ಬ ಅಂದನೆಂದು ಹೇಳಿದ. ಅಕ್ಕವ್ವ, ನೀನು ಪುಸ್ತಕದಿಂದ ತಲೆ ಎತ್ತದೆ ಅಂದಿ: "ಖರೇನ ಅಂದಾನಲ್ಲ. ಅದಕ್ಯಾಕ ಬಡದಾಡಿ ಬಂದಿ?"

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು.

ನಿಮ್ಮಪ್ಪ ಗಾಂಜಾ ಮಾರಲಿಲ್ಲ. ಬೆಳೆಯಲೂ ಇಲ್ಲ. ಬೀಜ ಊರಿದವಳು, ನೀರು ಹಾಕಿದವಳು, ಬೆಳೆಸಿದವಳು ನಾನು. ಇದನ್ನು ಮೊದಲು ಬರೆದುಬಿಟ್ಟರೆ ಉಳಿದದ್ದನ್ನು ಬರೆಯಲು ಕೈ ಬರುತ್ತದೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಾಗಿನಿಂದಲೂ ನಮ್ಮ ಹಿತ್ತಲಲ್ಲಿ ಎರಡು ಗಿಡ ಇರುತ್ತಿದ್ದವು. ಬಚ್ಚಲ ನೀರು ಹರಿದುಹೋಗುವ ಕಡೆ, ಬದನಿ, ಮೆಣಸಿನಕಾಯಿ ಗಿಡಗಳ ಆಚೆ, ನಾಲ್ಕು ತೊಗರಿ ಗಿಡಗಳ ಮರೆಯಲ್ಲಿ. ಎರಡಕ್ಕಿಂತ ಹೆಚ್ಚು ಅವರು ಬೆಳೆಯುತ್ತಿರಲಿಲ್ಲ. ಅವರು ತತ್ವಪದದ ಮೇಳದವರು. ಅಮವಾಸ್ಯೆಗೊಮ್ಮೆ ನಮ್ಮ ಮನೆಯಲ್ಲಿ ಭಜನೆ ಇರುತ್ತಿತ್ತು. ಮುದ್ದೇಬಿಹಾಳದ ಕಡೆಯಿಂದ ಮೇಳದ ಹಿರಿಯರು ಬರುತ್ತಿದ್ದರು, ಅವರ ಕೂಡ ಏಕತಾರಿಯವನೊಬ್ಬ, ತಾಳದವರಿಬ್ಬರು. ಭಜನೆ ಸುರುವಾಗುವ ಮೊದಲು ಚಿಲುಮೆಗೆ ಸೊಪ್ಪು ಇಡಬೇಕು. ಅದು ಭಜನೆ ನಡೆಯುವ ಮನೆಯ ಹಿತ್ತಲಲ್ಲಿ, ಆ ಮನೆಯವರ ಕೈಯಿಂದ ಬೆಳೆದದ್ದೇ ಆಗಿರಬೇಕು. ಕೊಂಡು ತಂದದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಮಾರಿದವನ ಮನೆಯಲ್ಲಿ ನೀರು ಸಹ ಕುಡಿಯುತ್ತಿರಲಿಲ್ಲ. ಇದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿರಿ. ನಾನು ಮದುವೆಯಾಗಿ ಬಂದ ವರ್ಷದಿಂದ ಕಂಡದ್ದು ಇದನ್ನೇ. ದೇವರ ಮುಂದೆ ಊದುಬತ್ತಿ ಹಚ್ಚುವ ಹಾಗೆ ಅದೂ ಒಂದು ಎಂದು ತಿಳಿದಿದ್ದೆ.

ಅದು ಸರಕಾರದ ಕಾನೂನಿಗೆ ವಿರುದ್ಧ ಎಂಬುದು ಮುತ್ಯಾಗೆ ಗೊತ್ತಿತ್ತು. ಗಿಡ ಮೊಳಕಾಲಿಗಿಂತ ಸ್ವಲ್ಪ ಮೇಲೆ ಬಂದರೆ ಸಾಕು, ಕೊಯ್ದುಬಿಡುತ್ತಿದ್ದರು. ಅವರ ಕೈಯಲ್ಲಿ ಅದು ಒಂದೇ ಕಡ್ಡಿಯ ಬಡಕಲು ಗಿಡ. ತೊಗರಿಯ ನಡುವೆ ಅದನ್ನು ಹುಡುಕುವುದೇ ಕಷ್ಟ. "ಇದಕ್ಕ ಹೊಟ್ಟಿ ತುಂಬ ಉಣ್ಣಾಕ ಹಾಕಬ್ಯಾಡ, ಇದು ಸನ್ಯಾಸಿ ಗಿಡ ಐತಿ" ಎಂದು ನಗುತ್ತಿದ್ದರು. ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ನಾನು ನೀರು ಹಾಕುವುದಷ್ಟೇ. ಹೂವು ಬರುವ ಹೊತ್ತಿಗೆ ನನ್ನನ್ನು ಕರೆದು, ಇದು ಗಂಡು, ಇದು ಹೆಣ್ಣು, ಗಂಡನ್ನು ಕಿತ್ತು ಒಗೆಯಬೇಕು ಎಂದು ತೋರಿಸಿದ್ದರು. ಹೊರಗಿನ ಗಂಡಸರ ಎದುರಿಗೆ ತಲೆ ಎತ್ತದ ನಾನು ಹಿತ್ತಲಲ್ಲಿ ಅವರ ಕೂಡ ಗಿಡಗಳ ಮಾತು ಎಷ್ಟು ಬೇಕಾದರೂ ಆಡುತ್ತಿದ್ದೆ. ನಮ್ಮ ಸಂಸಾರದ ಅರ್ಧ ಮಾತು ಆ ಬಚ್ಚಲ ಕಡೆಯೇ ಆಗಿದೆ.

ಅವರು ಹೋದ ಮೇಲೆ ಮೊದಲ ವರ್ಷದ ತಿಥಿಗೆ ಮೇಳದ ಹಿರಿಯರು ಬಂದರು. ಮುತ್ಯಾನ ಫೋಟೋದ ಮುಂದೆ ಭಜನೆ ಮಾಡಿದರು. ಹಿತ್ತಲಲ್ಲಿ ಅವರು ನೆಟ್ಟುಹೋದ ಗಿಡದ್ದೇ ಸೊಪ್ಪು ಒಣಗಿಸಿ ಇಟ್ಟಿದ್ದೆ, ಕೊಟ್ಟೆ. ಹಿರಿಯರು ಅದನ್ನು ಕೈಯಲ್ಲಿ ಹಿಡಿದು, ಇದರಾಗ ಅವನ ಕೈ ಐತಿ ತಂಗೀ, ಇದನ್ನ ನಿಲ್ಲಸಬ್ಯಾಡ ಎಂದರು. ನನಗೆ ಅಷ್ಟೇ ಸಾಕಾಯಿತು. ಬೀಜ ತೆಗೆದು ಅವರ ಹಳೆಯ ಧೋತರದ ಚೂರಿನಲ್ಲಿ ಕಟ್ಟಿ ಇಟ್ಟೆ. ಮುಂದಿನ ಮಳೆಗೆ ನಾನೇ ಊರಿದೆ.

ಇಲ್ಲಿ ನನ್ನ ತಪ್ಪು ಬರುತ್ತದೆ. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಕಡಲಿ ಹೊಲಕ್ಕೆ ಹೋದರೆ ಕೈ ಸುಮ್ಮನಿರುವುದಿಲ್ಲ. ಕುಡಿ ಚಿವುಟುತ್ತ ಉಡಿ ತುಂಬಿಕೊಳ್ಳುತ್ತೇವೆ. ಪಲ್ಯಕ್ಕೂ ಆಯಿತು, ಗಿಡವೂ ಒಡೆದು ನಾಲ್ಕು ಕಡೆ ಹಬ್ಬಿತು. ಚಿವುಟದೆ ಬಿಟ್ಟ ಗಿಡ ನೋಡಿದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಎಂಟು ವರ್ಷದವಳಿದ್ದಾಗಿನಿಂದ ನನ್ನ ಬೆರಳು ಅದನ್ನೇ ಮಾಡಿಕೊಂಡು ಬಂದಿವೆ. ಮುತ್ಯಾನ ಗಿಡಗಳಿಗೂ ಅದನ್ನೇ ಮಾಡಿದೆ. ದಿನಾ ನೀರು ಹಾಕಿ, ಒಂದೊಂದೇ ಕುಡಿ ಚಿವುಟಿದೆ. ಎಮ್ಮೆಯ ಗೊಬ್ಬರ ಹಾಕಿದೆ. ಗಂಡು ಗಿಡ ಗುರುತು ಹಿಡಿದು ಕಿತ್ತೊಗೆದೆ. ಅವರಿಗಾಗಿ ಇನ್ನೇನನ್ನೂ ಮಾಡಲಾಗದಿದ್ದಾಗ ಅದೊಂದು ಕೆಲಸ ಸಿಕ್ಕಿತ್ತು. ಎರಡನೆಯ ವರ್ಷ ಗಿಡ ನನ್ನ ಎತ್ತರ ಆಯಿತು. ಮೂರನೆಯ ವರ್ಷ ಹಿತ್ತಲ ಗೋಡೆ ದಾಟಿತು.

ಮಗ್ಗುಲ ಮನೆಯವಳು ಮಾಳಿಗೆಯ ಮೇಲೆ ಶಾವಿಗೆ ಹಾಕುತ್ತಿದ್ದವಳು ಕೂಗಿ ಅಂದಳು: "ಏನ ಯಕ್ಕಾ, ನಿನ್ನ ಗಿಡ ನಾವು ಏನ ಉಣ್ತೀವಿ ಅಂತ ಇಣಿಕಿ ನೋಡಾಕತ್ತೈತಲ್ಲ." ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ನಿಜ ಹೇಳಬೇಕೆಂದರೆ ಹೆಮ್ಮೆ ಆಗಿತ್ತು.

ನಿಮ್ಮಪ್ಪ ಎರಡು ಸಲ ಹೇಳಿದ. ಆಗ ಅವನು ಬಾಗೇವಾಡಿಯಲ್ಲಿ ಸಾಲಿಯ ಗಾಡಿ ಹೊಡೆಯುತ್ತಿದ್ದ, ನೀವಿಬ್ಬರೂ ಅದರಲ್ಲೇ ಹೋಗುತ್ತಿದ್ದಿರಿ. ಮೊದಲ ಸಲ ಮೆಲ್ಲಗೆ ಹೇಳಿದ, ಅವ್ವಾ, ಅಪ್ಪಗ ಅಂಜಿಕಿ ಇತ್ತು, ನಿನಗ ಅದೂ ಇಲ್ಲ, ಕಿತ್ತ ಒಗಿ. ಎರಡನೆಯ ಸಲ ಸಿಟ್ಟಿಗೆದ್ದು, ಮನಗೂಳಿ ಕಡೆ ಒಬ್ಬನ ಹೊಲದಲ್ಲಿ ಪೊಲೀಸರು ಕಿತ್ತು ಒಯ್ದ ಸುದ್ದಿ ಹೇಳಿದ. ಕುಡಗೋಲು ತಂದು ತಾನೇ ಹಿತ್ತಲಿಗೆ ಹೋದ. ನಾನು ಅಡ್ಡ ನಿಂತೆ. ಈ ಅಮವಾಸ್ಯೆಗೆ ನಿನ್ನಪ್ಪನ ಮೂರು ವರ್ಷದ ಭಜನೆ, ಅದೊಂದು ಆಗಲಿ, ಮರುದಿನ ನಾನೇ ಕೀಳುತ್ತೇನೆ ಎಂದೆ. ಅವನು ಕುಡಗೋಲು ಗೋಡೆಗೆ ಸಿಗಿಸಿ ಹೋದ. ಅಮವಾಸ್ಯೆಗೆ ಇನ್ನು ಒಂಬತ್ತು ದಿನ ಇತ್ತು.

ಐದನೆಯ ದಿನ ಪೊಲೀಸರು ಬಂದರು. ಮುಂಜಾನೆ, ನಿಮ್ಮನ್ನು ಸಾಲಿಗೆ ಬಿಟ್ಟು ನಿಮ್ಮಪ್ಪ ಉಣ್ಣಲು ಮನೆಗೆ ಬಂದಿದ್ದ. ನಿಮ್ಮವ್ವ ಹೊಲಿಗೆಯ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು. ಐದಾರು ಮಂದಿ ನೇರ ಹಿತ್ತಲಿಗೆ ಹೋದರು. ಸಾಕ್ಷಿಗೆ ಪಂಚರೆಂದು ಊರಿನ ಇಬ್ಬರನ್ನು ಕರೆಸಿದರು, ಕಿರಾಣಿ ಅಂಗಡಿಯಿಂದ ತಕ್ಕಡಿ ತರಿಸಿದರು. ಗಿಡವನ್ನು ಬೇರಿನ ಸಮೇತ ಕಿತ್ತರು. ಯಾರು ಸುದ್ದಿ ಕೊಟ್ಟರು ಎಂದು ಇಂದಿಗೂ ಗೊತ್ತಿಲ್ಲ, ಕೊಡಬೇಕಾದದ್ದೂ ಇರಲಿಲ್ಲ. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ. ಸಾಹೇಬರು ಟೊಂಗೆಯೊಂದನ್ನು ಹಿಡಿದು ಪಂಚರಿಗೆ ತೋರಿಸಿ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇದು ತಾನಾಗಿ ಹುಟ್ಟಿದ ಗಿಡ ಅಲ್ಲ. ಕುಡಿ ಹೆಂಗ ಚಿವುಟ್ಯಾರ ನೋಡ್ರಿ. ಗಂಡು ಗಿಡ ಒಂದೂ ಬಿಟ್ಟಿಲ್ಲ. ಇದು ಮಾರಾಕ ಬೆಳೆಯೋರ ಕೈ."

ನಿಮ್ಮಪ್ಪ ಆ ಟೊಂಗೆಯನ್ನು ನೋಡಿದ. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಯಾರ ಕೈ ಎಂದು ಅವನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗ ನನ್ನ ಹಿಂದೆಯೇ ಕಡಲಿ ಸಾಲಿನಲ್ಲಿ ನಡೆದವನು ಅವನು.

"ನಂದರಿ ಸಾಹೇಬ್ರ" ಅಂದ. "ನಾನ ಹಚ್ಚೇನಿ."

ನನ್ನ ಬಾಯಿಯಲ್ಲಿ ಮಾತು ಇತ್ತು. ಇಲ್ಲರಿ, ನಂದು ಎಂಬ ಎರಡು ಮಾತು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲವರೆಗೆ ಬಂದೆ. ಪಂಚರಲ್ಲಿ ಒಬ್ಬರು ನಮಗೆ ಸಂಬಂಧದಲ್ಲಿ ಭಾವನವರಾಗಬೇಕು. ಅವರ ಎದುರಿಗೆ ನಾನು ಒಂದು ದಿನವೂ ನಿಂತು ಮಾತಾಡಿದವಳಲ್ಲ. ಅವರು ನನ್ನನ್ನು ನೋಡಿ ಅಂದರು: "ನೀ ಒಳಗ ಹೋಗವಾ. ಇಲ್ಲಿ ಹೆಣ್ಣಮಕ್ಕಳ ಕೆಲಸಿಲ್ಲ."

ನಾನು ಒಳಗೆ ಹೋದೆ.

ಮಕ್ಕಳೇ, ನಡೆದದ್ದು ಇಷ್ಟೇ. ಯಾರೂ ನನ್ನ ಬಾಯಿ ಮುಚ್ಚಲಿಲ್ಲ, ಯಾರೂ ಅಂಜಿಸಲಿಲ್ಲ. ಒಳಗೆ ಹೋಗು ಎಂದರು, ಐವತ್ತು ವರ್ಷದ ರೂಢಿಯಂತೆ ಹೋದೆ. ಒಲೆಯ ಮುಂದೆ ಕುಳಿತೆ. ಜೀಪು ಹೋದ ಸಪ್ಪಳ ಕೇಳಿಸಿತು. ಅವನ ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

ನಿಮ್ಮವ್ವ ಓಡುತ್ತ ಬಂದಳು. ಸ್ಟೇಷನ್ನಿಗೆ ಹೋಗಿ ಅವನನ್ನು ಕಂಡು ಬಂದ ಮೇಲೆ ನನ್ನೆದುರು ಕುಳಿತಳು. ಭಜನೆಗೆಂದು ಗಿಡ ಇರುವುದು ಅವಳಿಗೂ ಗೊತ್ತಿತ್ತು; ಆದರೆ ಅವ್ವ ಬರೀ ನೀರು ಹಾಕುತ್ತಿದ್ದಳು, ಮಾರಲೆಂದು ಬೆಳೆದವನು ತಾನೇ ಎಂದು ಅವನು ಅವಳಿಗೂ ಹೇಳಿದ್ದ. ಅವಳಿಗೆ ನಿಜ ಗೊತ್ತಾದರೆ ನನ್ನನ್ನು ಹಿಡಿದುಕೊಡುತ್ತಾಳೆ ಎಂದು ಹಾಗೆ ಹೇಳಿರಬೇಕು. ಅವಳು ಅಳಲಿಲ್ಲ. "ಅತ್ತಿ, ನಿಮಗೇನರ ಗೊತ್ತಿತ್ತನ್ರಿ?" ಎಂದು ಕೇಳಿದಳು. ಅಲ್ಲಿ ಗಂಡಸರು ಯಾರೂ ಇರಲಿಲ್ಲ. ಭಾವನವರೂ ಇರಲಿಲ್ಲ. ನಾಚಿಕೆಯ ನೆವ ಹೇಳಲು ಬರುವುದಿಲ್ಲ. ನಾನು ಇಲ್ಲ ಎಂದೆ. ಅವತ್ತಿನಿಂದ ಅವಳು ಗಂಡನನ್ನು ನೋಡಲು ಹೋಗಿಲ್ಲ. ಜೇಲಿಗೆ ಹೋದ ಅನ್ನುವ ಸಿಟ್ಟಿಗಿಂತ, ಇಷ್ಟು ವರ್ಷ ತನ್ನಿಂದ ಮುಚ್ಚಿಟ್ಟ ಅನ್ನುವ ಸಿಟ್ಟು ಅವಳಿಗೆ. ಮುಚ್ಚಿಟ್ಟವಳು ಅವಳಿಗೆ ದಿನಾ ಚಹಾ ಕಾಸಿ ಕೊಡುತ್ತಾಳೆ.

ವಕೀಲರಿಗೆ ಹೇಳಿದ್ದೇನೆ. ಅದನ್ನೂ ಬರೆಯಬೇಕು. ಕೇಸು ಸುರುವಾಗಿ ಒಂದು ವರ್ಷದ ಮೇಲೆ ಧೈರ್ಯ ಮಾಡಿ, ಒಬ್ಬಳೇ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ. ಅವರ ಮೇಜಿನ ಮುಂದೆ ನಿಂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು. "ಎಲ್ಲಾ ತಾಯಂದಿರೂ ಹಿಂಗ ಹೇಳ್ತಾರಬೇ" ಎಂದರು. ಮನೆಯ ಉತಾರದ ಕಾಗದ ಮಗನ ಹೆಸರಿಗಿದೆ, ಪಂಚರು ಸಾಕ್ಷಿ ಹೇಳಿದ್ದಾರೆ, ಅವನೇ ಇಲ್ಲ ಎನ್ನುತ್ತಿಲ್ಲ, ಈಗ ನಿನ್ನ ಮಾತು ಯಾರೂ ನಂಬುವುದಿಲ್ಲ ಎಂದು ತಿಳಿಸಿ ಹೇಳಿದರು. ನಾನು ಕುಡಿ ಚಿವುಟುವ ಮಾತು ಹೇಳಿದೆ, ಬೆರಳು ತೋರಿಸಿದೆ. ಅವರು ನೋಡಿ ಮತ್ತೊಂದು ಕೇಸಿನ ಕಾಗದ ತೆರೆದರು. ಆ ಬೆಳಿಗ್ಗೆ ಹೊಸ್ತಿಲಲ್ಲಿ ಹೇಳಿದ್ದರೆ ನಂಬುತ್ತಿದ್ದರು. ಹೇಳುವ ಹೊತ್ತು ಅದೊಂದೇ ಇತ್ತು.

ಐದು ವರ್ಷದ ಶಿಕ್ಷೆ ಆಯಿತು. ಮೇಲಿನ ಕೋರ್ಟಿನಲ್ಲಿ ಅರ್ಜಿ ಇದೆಯೆನ್ನುತ್ತಾರೆ. ನಾನು ಎರಡು ತಿಂಗಳಿಗೊಮ್ಮೆ ಅವನನ್ನು ನೋಡಲು ಹೋಗುತ್ತೇನೆ. ಇಂಡಿ ಊರಿನಲ್ಲಿರುವ ನನ್ನ ಅಕ್ಕನ ಮನೆಗೆ ಎಂದು ನಿಮಗೆ ಹೇಳಿ ಹೋಗುವುದು ಅಲ್ಲಿಗೇ. ಜಾಳಿಗೆಯ ಆಚೆ ಅವನು, ಈಚೆ ನಾನು. ಕೂದಲು ಬೆಳ್ಳಗಾಗಿವೆ. ತಮ್ಮಣ್ಣ ಎಷ್ಟು ಎತ್ತರ ಆದ, ಅಕ್ಕವ್ವಗೆ ಗಣಿತ ಬರುತ್ತದೋ ಎಂದು ಕೇಳುತ್ತಾನೆ. ಹೆಂಡತಿಯ ಬಗ್ಗೆ ಏನನ್ನೂ ಕೇಳುವುದಿಲ್ಲ. ಮಕ್ಕಳು ಏನರೆ ಅಂತಾರೇನು ಎಂದು ಒಮ್ಮೆ ಕೇಳಿದ. ನಾನು, ನಿನ್ನ ನೆನಸ್ತಾರ ಎಂದು ಸುಳ್ಳು ಹೇಳಿದೆ. ಅವನಿಗೆ ಗೊತ್ತಾಯಿತು. ನಾನು ಸೊಸೆಗೂ ಮಕ್ಕಳಿಗೂ ಹೇಳಿಬಿಡುತ್ತೇನೆ ಎಂದೆ.

"ಹೇಳಬ್ಯಾಡ ಅವ್ವಾ" ಅಂದ. "ನೀ ಹೇಳಿದ್ರ ನಾ ಹೊರಗ ಬರಂಗಿಲ್ಲ. ಆ ಮನ್ಯಾಗ ನಿನ್ನ ರೊಟ್ಟಿ ಯಾರೂ ಉಣ್ಣಂಗಿಲ್ಲ, ಅಷ್ಟ ಆಕ್ಕೈತಿ."

ಅವನು ಹೇಳಿದ್ದು ಖರೆ. ಇದನ್ನು ಓದಿದ ಮೇಲೆ ನೀವು ನನ್ನ ಕೈಯಿಂದ ಉಣ್ಣಲಿಕ್ಕಿಲ್ಲ. ನಿಮ್ಮವ್ವ ನನ್ನನ್ನು ಈ ಮನೆಯಲ್ಲಿ ಇಟ್ಟುಕೊಳ್ಳಲಿಕ್ಕಿಲ್ಲ. ಅವನ ಒಂದು ದಿನದ ಶಿಕ್ಷೆಯೂ ಇದರಿಂದ ಕಡಿಮೆ ಆಗುವುದಿಲ್ಲ. ಹೋದ ನೌಕರಿ ಬರುವುದಿಲ್ಲ, ಸಾಲಿಯ ಗಾಡಿಯನ್ನು ಅವನ ಕೈಗೆ ಮತ್ತೆ ಯಾರೂ ಕೊಡುವುದಿಲ್ಲ. ಹಿತ್ತಲಲ್ಲಿ ಈಗ ನಾನು ಏನನ್ನೂ ಹಾಕಿಲ್ಲ. ಮೇಳದವರೂ ಬರುವುದಿಲ್ಲ. ಬರಬೇಡಿರಿ ಎಂದು ನಾನು ಹೇಳಲಿಲ್ಲ, ಅವರೇ ಬಿಟ್ಟರು. ದೇವರನ್ನು ಕೇಳುವುದನ್ನೂ ಬಿಟ್ಟಿದ್ದೇನೆ. ಏನೆಂದು ಕೇಳಬೇಕು.

ಆದರೆ ಮೊನ್ನೆ ಅಕ್ಕವ್ವ ಅಂದ ಮಾತು ನನ್ನನ್ನು ಬಿಡುತ್ತಿಲ್ಲ. ನನ್ನ ಬದಲಿಗೆ ಅವನು ಜೇಲಿಗೆ ಹೋದ, ನಾನು ತಡೆಯಲಿಲ್ಲ. ನನ್ನ ತಪ್ಪಿಗೆ ಮಕ್ಕಳ ಮನಸ್ಸಿನಿಂದಲೂ ಹೋಗುತ್ತಿದ್ದಾನೆ. ಇದನ್ನೂ ನೋಡುತ್ತ ಒಲೆಯ ಮುಂದೆ ಕೂಡಲು ಆಗುತ್ತಿಲ್ಲ.

ಈ ಹಾಳೆಗಳನ್ನು ಮೊದಲು ನೀವಿಬ್ಬರೂ ಓದಿರಿ, ಆಮೇಲೆ ನಿಮ್ಮವ್ವಗೆ ಕೊಡಿರಿ. ಅವಳು ಸಿಟ್ಟಿನಲ್ಲಿ ಎಸೆದರೆ ಆರಿಸಿಕೊಂಡು ಬನ್ನಿರಿ. ನಿಮ್ಮ ಮಾರ್ಕ್ಸ್ ಕಾರ್ಡು ಇಡುವ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಇಡಿರಿ. ಮಾಳಿಗೆ ಸೋರುತ್ತದೆ. ನಿಮ್ಮಪ್ಪ ಬಂದ ಮೇಲೆ ಕೇಳಿದರೂ ಅವನ ಕೈಗೆ ಮಾತ್ರ ಕೊಡಬೇಡಿರಿ, ನನ್ನ ಮುಖ ಉಳಿಸಲು ಸುಟ್ಟುಬಿಡುತ್ತಾನೆ. ಯಾರಾದರೂ ಅವನನ್ನು ಗಾಂಜಾದವ ಎಂದರೆ ಬಡಿದಾಡಬೇಡಿರಿ, ಇದನ್ನು ತೋರಿಸಿರಿ. ನನ್ನ ಕೂಡ ಮಾತು ಬಿಟ್ಟರೂ ಬಿಡಿರಿ, ಹಾಳೆಗಳನ್ನು ಮಾತ್ರ ಕಳೆಯಬೇಡಿರಿ.