ಅಧ್ಯಕ್ಷರು ಕತ್ತರಿಸಿದ ಹಗ್ಗ

ನೀರಿನ ಮೇಲೆ ಸ್ಕೂಟರ್ ಓಡಿಸುವವರಿಗೆ ನೀರೂ ಬೇಕಿಲ್ಲ, ಸ್ಕೂಟರೂ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ಬೇಕಾದವನು ಅದರಲ್ಲಿ ಇಳಿಯುತ್ತಾನೆ. ಸ್ಕೂಟರ್ ಬೇಕಾದವನು ಅದನ್ನೇರಿ ಎಲ್ಲಿಗಾದರೂ ಹೋಗುತ್ತಾನೆ. ಇವರು ಎಲ್ಲಿಗೂ ಹೋಗುವುದಿಲ್ಲ. ಜೆಟ್ಟಿಯಿಂದ ಹೊರಟು, ಕಿವಿ ಕಿತ್ತುಹೋಗುವ ಹಾಗೆ ಸದ್ದು ಮಾಡುತ್ತ ಸುತ್ತಿ, ಅದೇ ಜೆಟ್ಟಿಗೆ ಬಂದು ಇಳಿಯುತ್ತಾರೆ. ಇಳಿದ ಮೇಲೆ ದೊಡ್ಡ ಘನಕಾರ್ಯ ಮಾಡಿ ಬಂದವರಂತೆ ತಲೆಗೂದಲು ಕೊಡವಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಮುಂಬಯಿಯ ವಿಕ್ರೋಳಿಯಲ್ಲಿ ಸ್ಟೇಷನ್ನಿಗೆ ಹತ್ತಿರದ ಗಲ್ಲಿಯಲ್ಲಿ ನಮ್ಮವರ, ಅಂದರೆ ನನ್ನ ಗಂಡನ, ಹೋಟೆಲ್ ಇದೆ. ಅಲ್ಲಿಂದ ರಿಕ್ಷಾ ಹಿಡಿದು ಹೋದರೆ ಗುಡ್ಡದ ಬುಡದಲ್ಲಿ ಒಂದು ಜಲಾಶಯ. ಹಿಂದೆ ಕಾರ್ಖಾನೆಗಳಿಗೆ ಅದರ ನೀರು ಹೋಗುತ್ತಿತ್ತಂತೆ. ಈಗ ಜನ ಗಾಳಿ ತಿನ್ನಲು ಬರುತ್ತಾರೆ. ಅದರ ಒಂದು ಮೂಲೆಯನ್ನು ಈಜುವವರಿಗೆ ಬಿಟ್ಟಿದ್ದರು. ಮೊಣಕಾಲು ಕೆಟ್ಟ ಮೇಲೆ ನಾನು ಅಲ್ಲಿಗೆ ಹೋಗತೊಡಗಿದೆ. ನೆಲದ ಮೇಲೆ ನಾನು ಗೋಡೆ ಹಿಡಿದು ನಡೆಯುವ ಹೆಂಗಸು. ಲೋಕಲ್ ರೈಲು ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೆ ಹಳೆಯ ಸಲ್ವಾರ್ ಕಮೀಜು ತೊಟ್ಟು ನೀರಿಗಿಳಿದರೆ ಕಾಲು ನನ್ನ ಮಾತು ಕೇಳುತ್ತಿತ್ತು. ಉಡುಪಿ ಕಡೆಯ ಹೊಳೆಯಲ್ಲಿ ಕಲಿತ ಈಜನ್ನು ಮೈ ಮರೆತಿರಲಿಲ್ಲ. ಈಜು ಬಿಟ್ಟರೆ ಕಾಲಿನ ಆಸೆಯನ್ನೂ ಬಿಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅದಕ್ಕೇ ದಿನಾ ಬೆಳಿಗ್ಗೆ ಹೋಗುತ್ತಿದ್ದೆ. ಈಜು ಬಾರದ ನಮ್ಮವರು ದಡದಲ್ಲಿ ಟವೆಲು ಹಿಡಿದು ಕೂತು ಪೇಪರ್ ಓದುತ್ತಿದ್ದರು.

ಇಂಥಲ್ಲಿಗೆ ಬಾಡಿಗೆ ಸ್ಕೂಟರ್‌ಗಳು ಬಂದವು. ಅವು ಬಂದ ಮೇಲೆ ಅವನ್ನು ಹದ್ದುಬಸ್ತಿನಲ್ಲಿಡಲು ಒಂದು ಸಮಿತಿ ಬಂತು. ಸಮಿತಿಗೆ ಮಹಿಳೆ ಬೇಕಾಗಿತ್ತು, ಒದ್ದೆ ಕೂದಲಿನ ನಾನು ಎದುರಿಗೇ ಸಿಕ್ಕಿದೆ. ಸಭೆಗೆ ಇಡ್ಲಿ ವಡೆ ಬೇಕಾಗಿತ್ತು, ಹಾಗಾಗಿ ನಮ್ಮವರೂ ಸದಸ್ಯರಾದರು. ಅಧ್ಯಕ್ಷರು ನಿವೃತ್ತ ಬಿಲ್ಡರ್. ಇಷ್ಟು ದೊಡ್ಡ ಜಾಗದಲ್ಲಿ ಬರೀ ನೀರು ನಿಂತಿದೆಯಲ್ಲ ಎಂಬ ಕೊರಗು ಅವರ ಮುಖದಲ್ಲಿ ಸದಾ ಇರುತ್ತಿತ್ತು. ವಡೆ ಮುಗಿಯುವ ತನಕ ಅವರು ಏನನ್ನೂ ವಿರೋಧಿಸುತ್ತಿರಲಿಲ್ಲ. ಅದನ್ನು ಗಮನಿಸಿಯೇ ನಾನು ನನ್ನ ಮಾತುಗಳನ್ನು ಮೊದಲು ಆಡಿ ಮುಗಿಸುತ್ತಿದ್ದೆ.

ನಿಯಮಗಳು ಚೆನ್ನಾಗಿಯೇ ಆದವು, ಸುಳ್ಳು ಹೇಳಬಾರದು. ಬೆಳಗಿನ ಈಜಿನ ಹೊತ್ತಿನಲ್ಲಿ ಸ್ಕೂಟರ್ ಇಳಿಯಕೂಡದು. ಸುತ್ತುವವರೆಲ್ಲ ಒಂದೇ ದಿಕ್ಕಿಗೆ ಸುತ್ತಬೇಕು. ದಡದ ಹತ್ತಿರ ನಿಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಈಜುವ ಮೂಲೆಗೆ ಅಡ್ಡಲಾಗಿ ಕಿತ್ತಳೆ ಬಣ್ಣದ ತೇಲುಗುಂಡುಗಳನ್ನು ಪೋಣಿಸಿದ ಒಂದು ಹಗ್ಗ; ಸ್ಕೂಟರ್ ಅದನ್ನು ದಾಟುವ ಹಾಗಿಲ್ಲ. ಆ ಹಗ್ಗಕ್ಕಾಗಿ ನಾನು ಆಡದ ಜಗಳವಿಲ್ಲ. ಅದನ್ನು ಕಟ್ಟಿದ ದಿನ ನೀರಿನಲ್ಲಿ ಅಂಗಾತ ಮಲಗಿ ಬಹಳ ಹೊತ್ತು ಆಕಾಶ ನೋಡಿದೆ. ಸಂತೋಷವಾಗಿತ್ತು.

ಆದರೆ ಉದ್ಘಾಟನೆಯಾಗದೆ ಈ ಊರಿನಲ್ಲಿ ಏನು ತಾನೇ ಶುರುವಾಗುತ್ತದೆ? ಸಾರ್ವಜನಿಕ ಶೌಚಾಲಯಕ್ಕೂ ರಿಬ್ಬನ್ ಕಟ್ಟಿ, ಕತ್ತರಿಸಿ, ಆಮೇಲೆ ಒಳಗೆ ಹೋಗುವ ಜನ ನಾವು. ಜಲಾಶಯದ ಹೊಸ ವ್ಯವಸ್ಥೆಯನ್ನು ನೀರಿನಲ್ಲೇ ಉದ್ಘಾಟಿಸಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ನೀರಿನ ಮಧ್ಯೆ ರಿಬ್ಬನ್ ಕಟ್ಟಲು ಕಂಬವೆಲ್ಲಿದೆ? ಇದ್ದದ್ದು ನಮ್ಮ ಹಗ್ಗ. ಅದರ ಉದ್ದಕ್ಕೂ ಕೆಂಪು ರಿಬ್ಬನ್ ಸುತ್ತಿ, ಮೇಲೆ ಚೆಂಡುಹೂವಿನ ಮಾಲೆ ಹೊಸೆದರು. ಶಾಲಿನ ಮೇಲೆ ಲೈಫ್ ಜಾಕೆಟ್ ತೊಟ್ಟ ಅಧ್ಯಕ್ಷರು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಮದುಮಗನ ಹಾಗೆ ಕೂತು ಬಂದರು.

ಕತ್ತರಿ ಓಡಲಿಲ್ಲ. ಹೂವು, ರಿಬ್ಬನ್, ಹಗ್ಗ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಪಕ್ಕದ ದೋಣಿಯಲ್ಲಿದ್ದ ಯಾರೋ ಬುದ್ಧಿವಂತರು, ಪೂಜೆಯ ತೆಂಗಿನಕಾಯಿಗೆಂದು ತಂದಿದ್ದ ಕತ್ತಿಯನ್ನು ಅವರ ಕೈಗೆ ಕೊಟ್ಟರು. ಅಧ್ಯಕ್ಷರು ಎತ್ತಿ ಒಂದೇ ಏಟು ಹೊಡೆದರು. ಎಲ್ಲವೂ ತುಂಡಾಯಿತು. ದಡದಲ್ಲಿ ಚಪ್ಪಾಳೆ.

ಅಲ್ಲಿಯ ಕಾವಲುಗಾರ ಕಲಬುರ್ಗಿ ಕಡೆಯವನು. ಚಪ್ಪಾಳೆಯ ನಡುವೆ ಅವನೊಬ್ಬನೇ ಕೂಗಿದ. "ಸಾಹೇಬ್ರ, ಹಗ್ಗಾನೂ ಹೋತ್ರಿ."

ಅಧ್ಯಕ್ಷರು ಕ್ಯಾಮೆರಾ ಕಡೆ ನೋಡುತ್ತಲೇ, ಆಮೇಲೆ ಕಟ್ಟಿದರಾಯಿತು ಎಂದು ಹಿಂದಿಯಲ್ಲಿ ಉತ್ತರಿಸಿದರು. "ಬಾದ್ ಮೇ ಬಾಂಧ್ ಲೇಂಗೆ. ಹೋ ಜಾಯೇಗಾ."

ಮೂವತ್ತಕ್ಕೂ ಹೆಚ್ಚು ವರ್ಷ ಮುಂಬಯಿಯಲ್ಲಿದ್ದೇನೆ. ಹೋ ಜಾಯೇಗಾ, ಆಗಿಬಿಡುತ್ತದೆ, ಎಂದವರು ಯಾವುದನ್ನೂ ಮಾಡಿದ್ದು ನೋಡಿಲ್ಲ. ಹಗ್ಗದ ಒಂದು ತುದಿ ಜೆಟ್ಟಿಯ ಕೆಳಗೆ ಸಿಕ್ಕಿಕೊಂಡಿತು, ಇನ್ನೊಂದು ತುದಿ ಪಾಚಿಯ ಕಡೆಗೆ ತೇಲಿಹೋಯಿತು. ಪ್ರತಿ ಸಭೆಯಲ್ಲೂ ಕೇಳಿದೆ. ಪ್ರತಿ ಸಭೆಯಲ್ಲೂ ಅಧ್ಯಕ್ಷರು ಚಟ್ನಿ ಹಾಕಿಸಿಕೊಳ್ಳುತ್ತ ತಲೆಯಾಡಿಸಿದರು. ಹಗ್ಗ ಕಟ್ಟುವ ಕೆಲಸ ಯಾರದ್ದು ಎಂಬುದೇ ತೀರ್ಮಾನವಾಗಲಿಲ್ಲ. ಕತ್ತರಿಸುವಾಗ ಮಾತ್ರ ಯಾರಿಗೂ ಆ ಸಂಶಯ ಬಂದಿರಲಿಲ್ಲ.

ಹಗ್ಗ ಹೋದ ಮೇಲೆ ಉಳಿದ ನಿಯಮಗಳೂ ಒಂದೊಂದಾಗಿ ಹಿಂದೆಯೇ ಹೋದವು. ಬಿಸಿಲಿಗೆ ಮೊದಲೇ ಬರುತ್ತೇವೆ ಎಂದು ಯುವಕರು ಬೆಳಿಗ್ಗೆಯೇ ಇಳಿಯತೊಡಗಿದರು. ಊರಿನ ಇನ್ನೊಂದು ತುದಿಯ ದಹಿಸರ್‌ನಿಂದೆಲ್ಲ ಕಾರು ಮಾಡಿಕೊಂಡು ಬರುತ್ತಿದ್ದರು. ಕಾವಲುಗಾರ ಸೀಟಿ ಊದಿದರೆ ತಮ್ಮನ್ನು ಹುರಿದುಂಬಿಸುತ್ತಿದ್ದಾನೆಂದು ತಿಳಿದು ಕೈ ಬೀಸುತ್ತಿದ್ದರು. ಅಂಥವರಿಗೆ ನಾನು ಹೆದರಬೇಕೆ? ಸಿಟ್ಟಿನಿಂದಲೇ ಇಳಿಯುತ್ತಿದ್ದೆ.

"ಅಕ್ಕಾರ, ಇವತ್ತ ಗದ್ದಲ ಭಾಳ ಐತಿ. ಇಳೀಬ್ಯಾಡ್ರಿ," ಎಂದು ಕಾವಲುಗಾರ ಒಂದು ಭಾನುವಾರ ಹೇಳಿದ.

ಇಳಿದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಸ್ಕೂಟರ್ ನೇರ ನನ್ನ ಕಡೆಗೇ ತಿರುಗಿತು. ಓಡಿಸುವವನು ಒಂದು ಕೈಯಲ್ಲಿ ಮೊಬೈಲು ಎತ್ತಿ ತನ್ನ ಮುಖವನ್ನೇ ನೋಡುತ್ತಿದ್ದ. ನಾನು ಉಸಿರು ಕಟ್ಟಿ ಮುಳುಗಿದೆ. ತಲೆಯ ಮೇಲೆಯೇ ಗುಡುಗಿದಂತಾಯಿತು, ಅಲೆ ನನ್ನನ್ನು ಮಗುಚಿಹಾಕಿತು, ಮೂಗು ಬಾಯಿಯ ತುಂಬ ನೀರು. ಎದ್ದು ಕೆಮ್ಮುತ್ತಿದ್ದಾಗ ಕಾವಲುಗಾರ ಬಿದಿರ ಗಳ ಚಾಚಿದ. ಆ ಹುಡುಗ ಮರಳಿ ಬಂದು ಹಲ್ಲು ಕಿರಿದ. "ಸಾರಿ ಆಂಟಿ. ದಿಖಾ ನಹೀಂ." ನಾನು ಕಾಣಲಿಲ್ಲವಂತೆ. ಅಷ್ಟು ದೊಡ್ಡ ಜಲಾಶಯದಲ್ಲಿ ಅವನಿಗೆ ಕಂಡದ್ದು ಅವನ ಮುಖವೊಂದೇ. ಅದಾದರೂ ನೋಡುವಂತಿರಲಿಲ್ಲ.

ನಮ್ಮವರು ಚಪ್ಪಲಿ ಕಾಲಿನಲ್ಲೇ ಎದೆಯ ತನಕ ನೀರಿಗೆ ಇಳಿದುಬಿಟ್ಟಿದ್ದರು. ರಿಕ್ಷಾದಲ್ಲಿ ಮನೆಗೆ ಬರುವ ತನಕ ನನ್ನ ಮಣಿಕಟ್ಟನ್ನು ಬಿಡಲಿಲ್ಲ.

ಇನ್ನಾದರೂ ಹಗ್ಗ ಕಟ್ಟಿಯೇ ಕಟ್ಟುತ್ತಾರೆ ಎಂದು ನಾನು ಗೆದ್ದವಳಂತೆ ಸಭೆಗೆ ಹೋದೆ. ಅಧ್ಯಕ್ಷರು ಗಂಭೀರವಾಗಿದ್ದರು. ಎಲ್ಲಕ್ಕಿಂತ ಸುರಕ್ಷತೆ ದೊಡ್ಡದು ಎಂದರು. ಮಹಿಳೆಯರ ಸುರಕ್ಷತೆಯಂತೂ ಇನ್ನೂ ದೊಡ್ಡದು ಎಂದರು. ಆದ್ದರಿಂದ ಜಲಾಶಯದಲ್ಲಿ ಈಜುವುದನ್ನು ನಿಷೇಧಿಸೋಣ ಎಂದು ಸೂಚಿಸಿದರು. ಸ್ಕೂಟರಿನ ಮಾತೇ ಇಲ್ಲ. ಮುಳುಗಿದ್ದು ನಾನಾದ್ದರಿಂದ ತಪ್ಪೂ ನನ್ನದೇ ಆಯಿತು. ನಗು ಬಂತು. ಈ ಮುಠ್ಠಾಳರಿಂದ ಬೇರೆ ಏನನ್ನು ನಿರೀಕ್ಷಿಸುವುದು ಎಂದುಕೊಂಡು ನಿಷೇಧದ ಪರವಾಗಿ ಎತ್ತಿದ ಕೈಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಸಾಂಬಾರಿನ ಪಾತ್ರೆಯ ಪಕ್ಕದಲ್ಲಿ ನಿಂತಿದ್ದ ನಮ್ಮವರ ಕೈಯೂ ಮೇಲಿತ್ತು.

ಹೊರಗೆ ಬಂದ ಮೇಲೆ ಕೇಳಿದೆ. "ನೀವೂ ಕೈ ಎತ್ತಿದಿರಲ್ಲ ಮಾರಾಯ್ರೆ? ನನ್ನ ಕಾಲಿನ ಕತೆ ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು," ಎಂದರು. ನನ್ನ ಮುಖ ನೋಡಲಿಲ್ಲ. "ಆವತ್ತು ನೀನು ಮುಳುಗಿದ್ದನ್ನು ನೋಡಿದವ ನಾನು ಮಾರಾಯ್ತಿ. ಇನ್ನೊಮ್ಮೆ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಕಾಲು ಹೋದ್ರೆ ಹೋಗ್ಲಿ, ನೀನಿದ್ರೆ ಸಾಕು."

ಅಧ್ಯಕ್ಷರನ್ನು, ಆ ಹುಡುಗನನ್ನು, ಆ ಇಡೀ ಸಮಿತಿಯನ್ನು ಬಾಯ್ತುಂಬ ಬೈದು ಮರೆಯಬಲ್ಲೆ. ಇವರನ್ನು ಬೈಯಲು ನಾಲಗೆ ಏಳಲಿಲ್ಲ. ಹಗ್ಗ ಕಟ್ಟಿ ಎಂದು ಇವರೊಬ್ಬರಾದರೂ ಕೇಳಬಹುದಿತ್ತು. ಕೇಳಲಿಲ್ಲ. ಪ್ರೀತಿಯಿಂದಲೇ ನನ್ನ ಕಾಲನ್ನು ಬಿಟ್ಟುಕೊಟ್ಟರು.

ಮೆಟ್ಟಿಲ ಹತ್ತಿರ ಅವರು ಕೈ ಚಾಚಿದರು, ಸಭೆಯಲ್ಲಿ ಎತ್ತಿದ ಅದೇ ಕೈ. ಹಿಡಿಯಬಾರದು ಎಂದುಕೊಂಡೆ. ಮೊಣಕಾಲು ಒಪ್ಪಲಿಲ್ಲ, ಹಿಡಿದು ಇಳಿದೆ. ಈಗ ಎಲ್ಲಿಗೆ ಹೋಗುವುದಿದ್ದರೂ ನನಗೆ ಆ ಕೈ ಬೇಕು.